ಒಂಬತ್ತನೆಯ ಜೋಡಿ

ಮೈಸೂರಿನ ಜೀವಸೂತ್ರ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದವರು ಮೊದಲ ವಾರದಲ್ಲೇ ತಮ್ಮ ಕುಂಡಲಿಯನ್ನು ತಾವೇ ಬರೆದುಕೊಳ್ಳಬೇಕು. ಇದು ಜೋಯಿಸರ ಕುಂಡಲಿಯಲ್ಲ. ತೋಳಿನಿಂದ ಎರಡು ಮಿಲಿ ರಕ್ತ ತೆಗೆದು, ಮೂರು ದಿನ ಬೆಚ್ಚಗಿಟ್ಟು ಬೆಳೆಸಿ, ಕಣಗಳು ಒಂದು ಎರಡಾಗುವ ಗಳಿಗೆಯಲ್ಲಿ ಅವನ್ನು ತಡೆದು ನಿಲ್ಲಿಸಿ, ಗಾಜಿನ ಮೇಲೆ ಹರಡಿ, ಬಣ್ಣ ಹಾಕಿ, ಚಿತ್ರ ತೆಗೆಯಬೇಕು. ಆಮೇಲೆ ಅದರಲ್ಲಿ ಚೆಲ್ಲಾಪಿಲ್ಲಿಯಾಗಿ ಬಿದ್ದಿರುವ ನಲವತ್ತಾರು ವರ್ಣತಂತುಗಳನ್ನು ಕತ್ತರಿಯಿಂದ ಕತ್ತರಿಸಿ, ಜೋಡಿ ಜೋಡಿಯಾಗಿ ಕಾಗದಕ್ಕೆ ಅಂಟಿಸಬೇಕು. ಕಂಪ್ಯೂಟರು ಇದನ್ನು ಕಣ್ಣು ಮಿಟುಕಿಸುವುದರಲ್ಲಿ ಮಾಡಿ ಮುಗಿಸುತ್ತದೆ. ಆದರೂ ಕತ್ತರಿ ಹಿಡಿಯದವರಿಗೆ ಕಣ್ಣು ಬರುವುದಿಲ್ಲ ಎಂಬುದು ಕೇಂದ್ರದ ಮುಖ್ಯಸ್ಥೆ ಡಾಕ್ಟರ್ ಕೋಮಲವಲ್ಲಿಯವರ ಹಟ.

ಹದಿನೆಂಟು ವರ್ಷದ ಹಿಂದೆ ಕುಮುದಾ ತನ್ನ ಕುಂಡಲಿ ಅಂಟಿಸಿ ತಂದು ತೋರಿಸಿದಾಗ ಅವಳ ಮುಖ ಬಿಳಿಚಿಕೊಂಡಿತ್ತು. ಒಂಬತ್ತನೆಯ ಜೋಡಿಯ ಎರಡರಲ್ಲೂ ಸೊಂಟದ, ಅಂದರೆ ನಡುವೆ ಕಿರಿದಾಗುವ ಭಾಗದ, ಬಳಿಯ ಒಂದು ತುಂಡು ತಲೆಕೆಳಗಾಗಿ ಕೂತಿತ್ತು.

ಕೋಮಲವಲ್ಲಿ ಕನ್ನಡಕ ಏರಿಸಿ ನೋಡಿ ನಕ್ಕರು. "ಯಾಕೆ ಹೆದರ್ಕೊಂಡೆ? ಇದರಿಂದ ಏನೂ ಆಗಲ್ಲ. ನೂರು ಜನರಲ್ಲಿ ಒಬ್ಬಿಬ್ಬರಿಗೆ ಒಂದು ಹೀಗಿರತ್ತೆ. ನಿನಗೆ ಎರಡೂ ಇದೆ, ಅಷ್ಟೇ. ಅಪ್ಪ ಅಮ್ಮ ಸಂಬಂಧದಲ್ಲೇನಾ?"

"ಹೂಂ ಮೇಡಂ. ಅಮ್ಮ ಸೋದರಮಾವನ್ನೇ ಮದುವೆಯಾಗಿದ್ದು."

"ಅದೇ ನೋಡು. ಒಂದೇ ಅಜ್ಜಿಯ ಒಂಬತ್ತು ಎರಡು ದಾರಿ ಹಿಡಿದು ಬಂದು ನಿನ್ನಲ್ಲಿ ಸೇರಿದೆ. ನಿನಗೆ ಎಷ್ಟು ಮಕ್ಕಳಾದ್ರೂ ಪ್ರತಿಯೊಂದಕ್ಕೂ ಇದರಲ್ಲೊಂದು ಹೋಗಲೇಬೇಕು. ಮಗು ಕಳೆದುಹೋದ್ರೆ ಹುಡುಕೋದು ಸುಲಭ!"

ಸೋದರಮಾವನನ್ನು ಮದುವೆಯಾದದ್ದಕ್ಕಾಗಿ ಕುಮುದಾಳ ತಾಯಿ ಜೀವನವಿಡೀ ಮಾತು ಕೇಳಿದ್ದರು. ಕುಮುದಾಳ ಅಣ್ಣ ಗುರುಮಲ್ಲನಿಗೆ ಇಪ್ಪತ್ತೊಂದನೆಯ ವರ್ಣತಂತು ಎರಡಲ್ಲ, ಮೂರು. ಅವನ ಮಾತು ತಡವಾಗಿ ಬಂತು, ಓದು ಹತ್ತಲಿಲ್ಲ. ಸಿಟ್ಟು ಮತ್ತು ಚೌಕಾಬಾರದಲ್ಲಿ ಮೋಸ ಮಾಡುವ ಬುದ್ಧಿ ಮಾತ್ರ ಎಲ್ಲರಿಗಿಂತ ಚುರುಕಾಗಿದ್ದವು. "ರಕ್ತದೊಳಗೆ ರಕ್ತ ಕೂಡಿಸಿದ್ರೆ ಇನ್ನೇನಾಗ್ತದೆ" ಎಂದು ಚಾಮರಾಜನಗರದ ನೆಂಟರೆಲ್ಲ ಆಡಿಕೊಂಡರು. ಅದು ತಪ್ಪು ಎಂದು ಕುಮುದಾಳಿಗೆ ಗೊತ್ತಾದದ್ದು ಈ ಕೇಂದ್ರದಲ್ಲಿ. ತಾಯಿಯ ಅಂಡ ಇಬ್ಭಾಗವಾಗುವಾಗ ಇಪ್ಪತ್ತೊಂದರ ಜೋಡಿ ಬೇರೆ ಬೇರೆ ಕಡೆಗೆ ಹೋಗುವ ಬದಲು ಒಂದೇ ಕಡೆಗೆ ಹೋಗಿತ್ತು. ಯಾರಿಗೆ ಬೇಕಾದರೂ ಆಗುವ ತಪ್ಪು ಅದು, ಮದುವೆಗೂ ಅದಕ್ಕೂ ಸಂಬಂಧವಿಲ್ಲ. ಕುಮುದಾ ಅಂದೇ ಮನೆಗೆ ಓಡಿಹೋಗಿ ಅಮ್ಮನಿಗೆ ಹೇಳಿದಳು. ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಹಳ ಹೊತ್ತು ಅತ್ತರು. ಅಂದಿನಿಂದ ಕೋಮಲವಲ್ಲಿ ಕುಮುದಾಳ ಪಾಲಿಗೆ ದೇವರಾದರು. ದೇವರನ್ನು ಅಷ್ಟು ಹತ್ತಿರದಿಂದ ನೋಡಬಾರದು, ಅದು ಬೇರೆ ಮಾತು.

ಕುಮುದಾಳಿಗೆ ಮದುವೆಯಾದದ್ದು ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು ಪ್ರಭುಸ್ವಾಮಿಯ ಜೊತೆ. ನಿಶ್ಚಿತಾರ್ಥದ ಮರುವಾರ ಕೇಂದ್ರದವರು ಅವನನ್ನು ಕರೆಸಿ, ಗೇಲಿ ಮಾಡುತ್ತಲೇ ರಕ್ತ ತೆಗೆದು, ಅವನದೂ ಒಂದು ಕುಂಡಲಿ ಬರೆದರು. ಅವನ ಮೊದಲನೆಯ ಜೋಡಿಯ ಎರಡಕ್ಕೂ ಸೊಂಟ ಅಸಾಧ್ಯ ಉದ್ದ. ಅಂಥದ್ದನ್ನು ಕುಮುದಾ ಸಾವಿರ ಜನರಲ್ಲಿ ಮತ್ತೊಬ್ಬರಲ್ಲಿ ಕಂಡಿರಲಿಲ್ಲ. "ಹುಡುಗ ನೋಡಕ್ಕೆ ಕುಳ್ಳ, ವರ್ಣತಂತು ಮಾತ್ರ ಭಾರೀ ಎತ್ತರ" ಎಂದು ಜೊತೆಯವಳು ಜಬೀನಾ ಛೇಡಿಸಿದ್ದಳು.

ಮದುವೆಯಾಗಿ ಒಂಬತ್ತು ವರ್ಷದಲ್ಲಿ ಮೂರು ಬಸಿರು ನಿಂತವು, ಮೂರೂ ಹೋದವು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಹಾಗೆ. ಮೂರರಲ್ಲೂ ಲೆಕ್ಕ ತಪ್ಪಿತ್ತು. ಒಮ್ಮೆ ಹದಿನಾರನೆಯದು ಮೂರು, ಇನ್ನೊಮ್ಮೆ ಇಪ್ಪತ್ತೆರಡನೆಯದು, ಮತ್ತೊಮ್ಮೆ ಹದಿನಾರನೆಯದೇ. ಹೆಣ್ಣು ತನ್ನ ತಾಯಿಯ ಹೊಟ್ಟೆಯಲ್ಲಿರುವಾಗಲೇ ಅವಳ ಅಂಡಗಳೆಲ್ಲ ತಯಾರಾಗಿ ಕೂತಿರುತ್ತವೆ. ಅವುಗಳೊಳಗೆ ಜೋಡಿ ಜೋಡಿಯಾಗಿ ನಿಂತ ವರ್ಣತಂತುಗಳು ಒಂದನ್ನೊಂದು ಹಿಡಿದುಕೊಂಡು ಮೂವತ್ತು, ನಲವತ್ತು ವರ್ಷ ಕಾಯುತ್ತವೆ. ಅವನ್ನು ಹಿಡಿದಿಟ್ಟ ಅಂಟು ವರ್ಷ ಕಳೆದಂತೆ ಒಣಗುತ್ತದೆ. ಕೊನೆಗೆ ಅಂಡ ಇಬ್ಭಾಗವಾಗುವ ದಿನ ಎರಡು ಕಡೆಯಿಂದ ನೂಲಿನಂಥ ಎಳೆಗಳು ಬಂದು ಜೋಡಿಯನ್ನು ಆಚೆಗೊಂದು ಈಚೆಗೊಂದು ಎಳೆದುಕೊಳ್ಳಬೇಕು. ಅಂಟು ಮೊದಲೇ ಬಿಟ್ಟುಹೋದ ಜೋಡಿಗಳು ಎಲ್ಲೆಂದರಲ್ಲಿ ತೇಲಾಡಿ ಎರಡೂ ಒಂದೇ ಕಡೆ ಸೇರಿಬಿಡುತ್ತವೆ. ಕುಮುದಾಳ ಅಂಡಗಳಲ್ಲಿ ಆಗುತ್ತಿದ್ದದ್ದು ಅದೇ.

ಕೋಮಲವಲ್ಲಿ ಹತ್ತು ವರ್ಷ ಹೆಣಗಿ ಕಟ್ಟಿದ ಯಂತ್ರ ಇದಕ್ಕೇ ಮದ್ದು. ಹೆಸರು ಸೂತ್ರಧಾರ. ಬೆಳಕಿನ ಇಪ್ಪತ್ತಮೂರು ಚಿಮಟಗಳು ಅಂಡದೊಳಗೆ ಇಳಿದು ಇಪ್ಪತ್ತಮೂರು ಜೋಡಿಗಳನ್ನು ಜಾರದಂತೆ ಹಿಡಿದುಕೊಳ್ಳುತ್ತವೆ, ಎಳೆಗಳು ಬಂದು ಕಚ್ಚಿಕೊಂಡ ಮೇಲೆ ಬಿಟ್ಟುಕೊಡುತ್ತವೆ. ಯಾವ ಅಂಡ ಸರಿಯಾಗಿ ಒಡೆಯುತ್ತದೆ, ಯಾವುದು ಕೈ ಕೊಡುತ್ತದೆ ಎಂಬುದನ್ನು ಯಂತ್ರಕ್ಕೆ ಕಲಿಸಲು ನಲವತ್ತು ಸಾವಿರ ಚಿತ್ರಗಳಿಗೆ ಗುರುತು ಹಾಕಿದವಳು ಕುಮುದಾ. ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ತನ್ನ ನಾಲ್ಕು ಅಂಡಗಳನ್ನು ಆ ಯಂತ್ರಕ್ಕೇ ಒಪ್ಪಿಸಿದಳು. ನೀಲಾಂಬಿಕೆ ಹುಟ್ಟಿದಳು. ಮನೆಯಲ್ಲಿ ಅವಳು ನೀಲು. ಹುಟ್ಟಿದ ಕೂಸಿನ ರಕ್ತವನ್ನು ಜಬೀನಾಳ ಕೈಗೂ ಕೊಡದೆ ಕೋಮಲವಲ್ಲಿ ಖುದ್ದಾಗಿ ಪರೀಕ್ಷಿಸಿದರು. "ನನ್ನ ಮೊಮ್ಮಗಳ ಕುಂಡಲಿ ನಾನೇ ಬರೀತೀನಿ" ಎಂದರು.

ಆಗಲೇ ತಳಿಪತ್ರದ ಕಾನೂನು ಬಂದಿತ್ತು. ಪ್ರತಿ ಮಗುವಿಗೂ ಇಪ್ಪತ್ತಮೂರು ಯಾರಿಂದ, ಇನ್ನಿಪ್ಪತ್ತಮೂರು ಯಾರಿಂದ ಎಂದು ಪರೀಕ್ಷೆ ಮಾಡಿ ಬರೆದ ಕಾಗದ. ಅದಿಲ್ಲದೆ ಶಾಲೆಯಿಲ್ಲ, ಆಸ್ಪತ್ರೆಯಲ್ಲಿ ಸಹಿ ಹಾಕುವ ಹಕ್ಕಿಲ್ಲ. ಕಾಗದದಲ್ಲಿ ಹೆಸರಿದ್ದವರೇ ತಾಯಿ, ಹೆಸರಿದ್ದವರೇ ತಂದೆ. ನೀಲುವಿನ ತಳಿಪತ್ರದಲ್ಲಿ ಕುಮುದಾಳ ಹೆಸರಿತ್ತು, ಕೆಳಗೆ ಕೋಮಲವಲ್ಲಿಯವರ ಸಹಿಯಿತ್ತು.

ಕೇಂದ್ರದ ಬಾಗಿಲಲ್ಲೇ ನೀಲುವನ್ನು ಎತ್ತಿಕೊಂಡ ಕುಮುದಾಳ ದೊಡ್ಡ ಫೋಟೊ ಹಾಕಿದರು. ಮಂಡ್ಯ, ಹಾಸನ, ಕೊಳ್ಳೇಗಾಲದಿಂದ ಬಂದ ಹೆಂಗಸರು ಫೋಟೊ ನೋಡಿ, ಒಳಗೆ ಕುಮುದಾಳನ್ನು ನೋಡಿ, ಕೈ ಹಿಡಿದುಕೊಳ್ಳುತ್ತಿದ್ದರು. "ನಿಜವಾಗ್ಲೂ ನಿಮ್ಮದೇನಾ ಅಕ್ಕಾ?" ಎಂದು ಕೇಳಿದವರಿಗೆಲ್ಲ ಅವಳು ಹೇಳುತ್ತಿದ್ದದ್ದು ಒಂದೇ ಮಾತು: "ನನ್ನದೇ. ನನ್ನ ಮೂಗೇ ಇದೆ ನೋಡಿ."

ಈಗ ಸೂತ್ರಧಾರವನ್ನು ಎಲ್ಲ ಜಿಲ್ಲೆಗಳಿಗೂ ಕೊಡಬೇಕೇ ಎಂದು ತೀರ್ಮಾನಿಸಲು ಸರ್ಕಾರ ಒಂದು ಸಮಿತಿ ಮಾಡಿತ್ತು. ಯಂತ್ರದಿಂದ ಹುಟ್ಟಿ ಐದು ವರ್ಷ ತುಂಬಿದ ಮಕ್ಕಳ ವರ್ಣತಂತುಗಳನ್ನು ಹೆಸರಿಲ್ಲದೆ, ಬರೀ ನಂಬರು ಹಾಕಿ ಓದಿ ವರದಿ ಕೊಡಬೇಕಿತ್ತು. ಹದಿಮೂರು ಮಕ್ಕಳು. ಬೆಸ ನಂಬರು ಕುಮುದಾಳಿಗೆ, ಸರಿ ನಂಬರು ಜಬೀನಾಳಿಗೆ. ಕೋಮಲವಲ್ಲಿ ನೀಲುವನ್ನು ಎಂಟನೆಯ ನಂಬರಿನಲ್ಲಿ ಇಟ್ಟಿದ್ದರು. ಆದರೆ ಐದನೆಯ ಮಗುವಿನ ರಕ್ತ ಬಾಟಲಿಯಲ್ಲೇ ಹೆಪ್ಪುಗಟ್ಟಿ ಕೆಟ್ಟಿತು. ಆ ಮಗುವನ್ನು ಕೈಬಿಟ್ಟು, ಲೇಬಲ್ ಅಂಟಿಸುವವರು ಅಲ್ಲಿಂದ ಮುಂದಿನ ನಂಬರುಗಳನ್ನೆಲ್ಲ ಒಂದೊಂದು ಹಿಂದಕ್ಕೆ ಸರಿಸಿದರು. ಹದಿಮೂರು ಹನ್ನೆರಡಾಯಿತು, ಎಂಟು ಏಳಾಯಿತು. ಅಷ್ಟೇ ನಡೆದದ್ದು.

ಮಂಗಳವಾರ ಬೆಳಗ್ಗೆ ಕುಮುದಾ ಏಳನೆಯ ಗಾಜನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಎಣಿಸಿದಳು, ನಲವತ್ತಾರು. ಹೆಣ್ಣು. ಮೊದಲನೆಯ ಜೋಡಿಯತ್ತ ಕಣ್ಣು ಹಾಯಿಸಿದವಳಿಗೆ ನಗು ತಡೆಯಲಾಗಲಿಲ್ಲ. ಅಲ್ಲಿ ಒಂದಕ್ಕೆ ಅದೇ ಉದ್ದನೆಯ ಸೊಂಟ. ಪ್ರಭುಸ್ವಾಮಿಯ ಸೊಂಟ.

"ಅಯ್ಯೋ ನನ್ನ ಬಂಗಾರ, ನೀನೇನೇ ಇದು!" ಎಂದಳು ಮೆಲ್ಲಗೆ. ತನ್ನ ಮಗಳನ್ನು ಅವಳು ಈ ರೂಪದಲ್ಲಿ ಎಂದೂ ನೋಡಿರಲಿಲ್ಲ. ಸಂಬಂಧಿಕರ ಗಾಜನ್ನು ಓದುವ ಹಾಗಿಲ್ಲ ಎಂಬ ನಿಯಮದಂತೆ ಎದ್ದುಹೋಗಿ ಜಬೀನಾಳಿಗೆ ಗಾಜು ಕೊಟ್ಟು ಬರಬೇಕಿತ್ತು, ಮನಸ್ಸು ಬರಲಿಲ್ಲ. ಅಪ್ಪನದು ಸಿಕ್ಕಿತು, ಇನ್ನು ನನ್ನದು ಎಲ್ಲಿದೆ ನೋಡೋಣ ಎಂದು ಆಸೆಯಿಂದ ಒಂಬತ್ತನೆಯ ಜೋಡಿಗೆ ಬಂದಳು.

ಎರಡೂ ನೆಟ್ಟಗಿದ್ದವು.

ಬೇರೆ ಕಣ ನೋಡಿದಳು. ಅಲ್ಲೂ ನೆಟ್ಟಗೆ. ಇಪ್ಪತ್ತು ಕಣಗಳನ್ನು ನೋಡುವುದು ವಾಡಿಕೆ, ಅವಳು ಅರವತ್ತು ನೋಡಿದಳು. ಒಂದರಲ್ಲೂ ತಲೆಕೆಳಗಾದ ಒಂಬತ್ತು ಸಿಗಲಿಲ್ಲ. ಊಟಕ್ಕೆ ಕರೆಯಲು ಬಂದ ಜಬೀನಾ, "ಯಾಕೆ ಕುಮುದಕ್ಕಾ, ಹುಷಾರಿಲ್ವಾ?" ಎಂದಾಗ, "ಕಣ್ಣುರಿ" ಎಂದು ಹೇಳಿ ಗಾಜನ್ನು ಪೆಟ್ಟಿಗೆಗೆ ಸೇರಿಸಿದಳು.

ಉದ್ದ ಸೊಂಟದ ಹುಡುಗಿ ಬೇರೆ ಯಾರಾದರೂ ಇರಬಹುದು ಎಂದುಕೊಂಡಳು. ಅಂದು ಸಂಜೆ ಮನೆಯಲ್ಲಿ, ಶಾಲೆಯಿಂದ ಬಂದ ನೀಲುವನ್ನು ಕೂರಿಸಿಕೊಂಡು, "ಜ್ವರದ ಪರೀಕ್ಷೆ" ಎಂದು ಸುಳ್ಳು ಹೇಳಿ ಸಿರಿಂಜು ತೆಗೆದಳು. ಅವರ ಮನೆಯಲ್ಲೇ ಇದ್ದ ಅಣ್ಣ ಗುರುಮಲ್ಲ ಅಡ್ಡ ಬಂದು ನಿಂತ.

"ಕೂಸಿಗೆ ಯಾಕ್ ಚುಚ್ಚೀಯೆ? ಜ್ವರ ಇಲ್ಲ ಅದಕ್ಕೆ. ನಾನು ಮುಟ್ಟಿ ನೋಡಿವ್ನಿ."

"ಸುಮ್ನಿರು ಮಲ್ಲಣ್ಣ. ಒಂದೇ ಒಂದು ಸಲ."

"ನನಗೆ ಚುಚ್ಚು." ಅವನು ಅಂಗಿಯ ತೋಳು ಮೇಲೇರಿಸಿ ಕೈ ಚಾಚಿದ. ಕುಮುದಾ ಅವನ ಕೈ ಸರಿಸಿ ಮಗಳ ಕೈ ಹಿಡಿದಳು. ನೀಲು ಅಳಲಿಲ್ಲ. ತುಟಿ ಕಚ್ಚಿಕೊಂಡು, "ಮುಗೀತಾ ಅಮ್ಮಾ, ಮುಗೀತಾ?" ಎಂದಳು. ಗುರುಮಲ್ಲ ಎರಡು ದಿನ ತಂಗಿಯ ಜೊತೆ ಮಾತು ಬಿಟ್ಟ.

ರಕ್ತ ಬೆಳೆಯಲು ಮೂರು ದಿನ. ಆ ಮೂರು ದಿನ ಕುಮುದಾ ಮಗಳ ಮೂಗು ನೋಡಿದಳು, ಕಿವಿ ನೋಡಿದಳು, ನಿದ್ದೆಯಲ್ಲಿ ಅರೆತೆರೆದ ಬಾಯಿ ನೋಡಿದಳು. ಇದು ನನ್ನದು, ಇದು ಅತ್ತೆಯದು ಎಂದು ಐದು ವರ್ಷ ಹಂಚಿಕೊಂಡು ಕೂತಿದ್ದೆಲ್ಲ ಈಗ ಯಾರದೋ ಆಗಿ ಕಾಣುತ್ತಿತ್ತು. ಅವಳಿಗೆ ಒಂದು ದಾರಿ ಇನ್ನೂ ಉಳಿದಿತ್ತು. ಲಕ್ಷಕ್ಕೊಂದು ಮಗುವಿನಲ್ಲಿ ತಾಯಿಯ ಒಂಬತ್ತು ಬಿಟ್ಟುಹೋಗಿ ತಂದೆಯದೇ ಎರಡು ಬಂದು ಕೂರುವುದುಂಟು. ಅದೂ ಇಬ್ಭಾಗವಾಗುವಾಗಿನ ತಪ್ಪೇ. ಜನ್ಮವೆಲ್ಲ ಯಾವ ತಪ್ಪನ್ನು ಹಿಡಿದು ಹೊರಗೆ ಹಾಕುವುದೇ ಕೆಲಸವಾಗಿತ್ತೋ, ಆ ತಪ್ಪು ತನ್ನ ಮಗಳಲ್ಲಿ ಆಗಿರಲಿ ಎಂದು ಕುಮುದಾ ನಂಜನಗೂಡಿನ ದೇವರಿಗೆ ಹರಕೆ ಹೊತ್ತಳು. ಇಂಥ ಹರಕೆ ಆ ದೇವರಿಗೂ ಹೊಸದಿರಬೇಕು.

ಶುಕ್ರವಾರ ಮನೆಯ ರಕ್ತದ ಗಾಜು ತಯಾರಾಯಿತು. ಉದ್ದ ಸೊಂಟ ಇತ್ತು. ಒಂಬತ್ತು ಎರಡೂ ನೆಟ್ಟಗಿದ್ದವು. ಅವಳು ಹದಿನಾರನೆಯ ಜೋಡಿಯನ್ನು ಹುಡುಕಿದಳು. ಅಪ್ಪ ಅಮ್ಮನ ಸಂಬಂಧದಿಂದಲೇ ಅವಳ ಹದಿನಾರು ಎರಡರಲ್ಲೂ ಸೊಂಟದ ಕೆಳಗಿನ ಕಪ್ಪು ಪಟ್ಟೆ ಸಾಸಿವೆಯಷ್ಟು. ಮಗಳ ಎರಡರಲ್ಲೂ ಅದು ದಪ್ಪಗಿತ್ತು. ಒಂದು ಜೋಡಿಯಲ್ಲಿ ಅಂಥ ತಪ್ಪು ಆಗಬಹುದು. ಎರಡರಲ್ಲೂ ಆಗುವುದಿಲ್ಲ.

ಅವಳು ಗಾಜು ಹಿಡಿದುಕೊಂಡೇ ಕೋಮಲವಲ್ಲಿಯವರ ಕೋಣೆಗೆ ಹೋದಳು. ಅವರು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಳ್ಳುತ್ತಿದ್ದರು.

"ಮೇಡಂ, ನೀಲು ಯಾರ ಮಗಳು?"

ಕೋಮಲವಲ್ಲಿ ಲೋಟ ಕೆಳಗಿಟ್ಟರು. ಗಾಜನ್ನು ನೋಡಿದರು. ಇಲ್ಲ ಎಂದು ವಾದಿಸುವಷ್ಟು ಸಣ್ಣವರಾಗಿರಲಿಲ್ಲ ಅವರು. ಅದರಿಂದಲೇ ಕುಮುದಾಳಿಗೆ ಇನ್ನೂ ಹೆಚ್ಚು ನೋವಾಯಿತು.

"ಕೂತ್ಕೊ."

"ಬೇಡ, ಹೇಳಿ."

"ನಿನ್ನ ನಾಲ್ಕರಲ್ಲಿ ನಾಲ್ಕೂ ಹೋಯ್ತು ಕಣೆ. ಒಂದು ಜೋಡಿ ಹಿಡಿದ್ರೆ ಇನ್ನೊಂದು ಜಾರ್ತಿತ್ತು. ವಯಸ್ಸಾದ ಅಂಡದಲ್ಲಿ ಚಿಮಟ ನಿಲ್ತಾ ಇರ್ಲಿಲ್ಲ. ನಾನು ಎದುರಿಗೇ ಕೂತು ನೋಡ್ದೆ. ಯಂತ್ರದ ಅಭ್ಯಾಸಕ್ಕೆ ಅಂತ ಚಿಕ್ಕ ವಯಸ್ಸಿನ ಹುಡುಗೀರು ಕೊಟ್ಟ ಅಂಡ ಇತ್ತಲ್ಲ, ಅದರಲ್ಲೊಂದು ತಗೊಂಡೆ. ನಿನ್ನ ಗಂಡನ್ನ ಕರೆಸಿ ಹೇಳಿದೆ, ಸಹಿ ಮಾಡಿದ್ರು."

"ಯಾರು?"

"ಪ್ರಭುಸ್ವಾಮಿ."

ಕೋಮಲವಲ್ಲಿ ದನಿ ಇನ್ನಷ್ಟು ತಗ್ಗಿಸಿದರು. "ಹೆಚ್ಚು ಕಡಿಮೆ ಆಗದೇ ಇರ್ಲಿ ಅಂತ ನಿನ್ನ ಕೈಯಿಂದ್ಲೇ ಆಯ್ಕೆ ಮಾಡಿಸ್ದೆ. ಅಂಡ ತೆಗೆದ ಮಾರನೇ ದಿನ ರಜ ಹಾಕದೆ ಕೆಲಸಕ್ಕೆ ಬಂದಿದ್ದೆ, ನೆನಪಿದ್ಯಾ? ಆರು ಅಂಡದ ಚಿತ್ರ ಕೊಟ್ಟು, ಯಾವುದು ಚೆನ್ನಾಗಿದೆ ಅಂದೆ. ನೀನು ಮೂರನೇದು ಅಂದೆ."

ಅವಳಿಗೆ ನೆನಪಿತ್ತು. ಹೊಟ್ಟೆ ಹಿಂಡುತ್ತಿದ್ದರೂ ಕುರ್ಚಿಯಲ್ಲಿ ಕೂತು, ಮೂರನೆಯದು ಮುತ್ತಿನ ಹಾಗಿದೆ ಮೇಡಂ, ಇದನ್ನ ಯಂತ್ರಕ್ಕೆ ಚೆನ್ನಾಗಿ ತೋರಿಸಿ ಎಂದಿದ್ದಳು. ಆಗ ಪಕ್ಕದ ಕೋಣೆಯ ಪೆಟ್ಟಿಗೆಯಲ್ಲಿ ತನ್ನ ನಾಲ್ಕು ಅಂಡಗಳು ಬೆಚ್ಚಗಿವೆ ಎಂದು ನಂಬಿ ಕೂತಿದ್ದಳು. ಅವು ಆ ಹೊತ್ತಿಗೆ ಕಸದ ಡಬ್ಬಿಯಲ್ಲಿದ್ದವು. ಇನ್ನೊಬ್ಬಳ ಮಗುವನ್ನು ತನ್ನ ಹೊಟ್ಟೆಗೆ ತಾನೇ ಆರಿಸಿ ಕೊಟ್ಟಿದ್ದಳು.

"ಹನ್ನೆರಡರಲ್ಲಿ ಇನ್ನೆಷ್ಟು ಹೀಗೆ?"

"ಇನ್ನು ನಾಲ್ಕು."

"ಮಿಕ್ಕ ಏಳು?"

ಕೋಮಲವಲ್ಲಿ ಕಿಟಕಿಯ ಕಡೆ ತಿರುಗಿದರು. "ಅವು ಯಂತ್ರ ಇಲ್ಲದಿದ್ರೂ ಸರಿಯಾಗೇ ಹುಟ್ತಿದ್ವೇನೋ. ಗೊತ್ತಿಲ್ಲ. ಮುಂದಿನ ಯಂತ್ರ ಸರಿಯಾಗತ್ತೆ ಕುಮುದಾ, ನನಗೆ ನಂಬಿಕೆ ಇದೆ. ಅದನ್ನ ಮಾಡಕ್ಕೆ ಅನುಮತಿ ಬೇಕು, ಅನುಮತಿಗೆ ಮಕ್ಕಳನ್ನ ತೋರಿಸ್ಬೇಕಿತ್ತು. ನಿನಗೊಂದು ಮಗು ಕೊಟ್ಟೆ, ಅದನ್ನ ಮರೀಬೇಡ. ಸೋಮವಾರ ಸಮಿತಿ ಇದೆ. ಏಳನೇ ನಂಬರು, ನಲವತ್ತಾರು, ಜೋಡಿ ಸರಿ. ಅದು ಸುಳ್ಳಲ್ಲ. ಅಷ್ಟು ಓದಿ ಬಂದ್ಬಿಡು. ಜಾಸ್ತಿ ಹೇಳಿದ್ರೆ ಕಳ್ಕೊಳ್ಳೋದು ನಾನಲ್ಲ, ನೀನು. ತಳಿಪತ್ರದಲ್ಲಿ ನಿನ್ನ ಹೆಸರು ಹೊಡೆದುಹಾಕ್ತಾರೆ."

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರು ಕೊಡುವುದು? ಕುಮುದಾ ಹೊರಗೆ ಬಂದಳು. ಕಾರಿಡಾರಿನಲ್ಲಿ ಮಳವಳ್ಳಿಯ ಕಡೆಯ ಹೆಂಗಸೊಬ್ಬಳು ಬುತ್ತಿ ಬಿಚ್ಚಿಕೊಂಡು ಕೂತಿದ್ದಳು. ವಯಸ್ಸು ನಲವತ್ತರ ಮೇಲೆ. ಕುಮುದಾಳನ್ನು ಕಂಡು ಎಂಜಲು ಕೈಯಲ್ಲೇ ಎದ್ದು ನಿಂತಳು.

"ಆ ಪಟದೊಳಗಿರೋರು ನೀವೇ ಅಲ್ವರಾ ಅಕ್ಕಾ? ನಿಮ್ಮ ಮಗೀನ ನೋಡೇ ನಾನು ಧೈರ್ಯ ಮಾಡಿ ಬಂದಿದ್ದು."

ಐದು ವರ್ಷದಿಂದ ಕುಮುದಾ ಇಂಥವರಿಗೆ ಹೇಳಿಕೊಂಡು ಬಂದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ತನಗೆ ಮೋಸ ಮಾಡಿದ್ದು ಸಾಲದೆಂದು ತನ್ನನ್ನೇ ಗಾಳದ ಹುಳು ಮಾಡಿ ನೇತುಹಾಕಿದ್ದರು. ಬಾಗಿಲ ಫೋಟೊದ ಕಡೆ ತಿರುಗಿಯೂ ನೋಡದೆ ಮನೆಗೆ ನಡೆದಳು.

ಪ್ರಭುಸ್ವಾಮಿ ನಡುಮನೆಯಲ್ಲಿ ಕೂತು ನೀಲುವಿನ ಶಾಲೆಯ ಪುಸ್ತಕಗಳಿಗೆ ಕಂದು ಕಾಗದದ ರಟ್ಟು ಹಾಕುತ್ತಿದ್ದ. ಮಗು ಮಾವನ ಜೊತೆ ಹಿತ್ತಲಲ್ಲಿ ಆಡುತ್ತಿತ್ತು. ಕುಮುದಾ ಚಪ್ಪಲಿ ಕೂಡ ಬಿಡದೆ ಎದುರು ನಿಂತಳು.

"ಮೇಡಂ ಎಲ್ಲಾ ಹೇಳಿದ್ರು ರೀ."

ಅವನು ಎಲ್ಲಾ ಅಂದರೇನು ಎಂದು ಕೇಳಲಿಲ್ಲ. ಕತ್ತರಿಯನ್ನು ಮೆಲ್ಲಗೆ ನೆಲಕ್ಕಿಟ್ಟ. ಕಿವಿಯ ತುದಿ ಕೆಂಪಾಯಿತು.

"ನಾಲ್ಕನೇ ಸಲ ನೀನು ಬರಿಗೈಲಿ ಮನೆಗೆ ಬರೋದನ್ನ ನೋಡೋ ಶಕ್ತಿ ನನಗಿರ್ಲಿಲ್ಲ ಕುಮುದಾ."

"ಕೇಳಬೇಕಿತ್ತು ನನ್ನ."

"ಕೇಳಿದ್ರೆ ಬೇಡ ಅಂತಿದ್ದೆ."

"ಅಂತಿದ್ದೆ. ಮೂರು ದಿನ ಅಳ್ತಿದ್ದೆ. ಆಮೇಲೆ ಹೂಂ ಅಂತಿದ್ನೋ ಏನೋ. ಆ ಮೂರು ದಿನ ನಂದು ಕಣ್ರೀ, ಅದನ್ನ ನೀವಿಬ್ರೂ ಸೇರಿ ಕದ್ರಿ. ಐದು ವರ್ಷದಿಂದ ನಿಮ್ಮ ಮುಂದೆ ಕೂತ್ಕೊಂಡು ನನ್ನ ಮೂಗು, ನಮ್ಮಮ್ಮನ ಕೂದಲು ಅಂತ ಹೇಳ್ತಿದ್ದೆ. ಕೇಳ್ಕೊಂಡು ಹೆಂಗ್ರೀ ಕೂತಿದ್ರಿ?"

"ನೀನು ಖುಷಿಯಾಗಿದ್ದೆ."

"ನಿಮಗೇನು, ಅವಳು ನಿಮ್ಮ ಮಗಳು." ಈ ಮಾತು ಬಾಯಿಂದ ಬಂದ ಮೇಲೆಯೇ ಕುಮುದಾಳಿಗೆ ಅದರ ತೂಕ ತಿಳಿದದ್ದು. ಹೌದು, ಅವಳು ಅವನ ಮಗಳು. ಕಾಗದದಲ್ಲಿ, ರಕ್ತದಲ್ಲಿ, ಮೊದಲನೆಯ ಜೋಡಿಯ ಉದ್ದನೆಯ ಸೊಂಟದಲ್ಲಿ. ನಾಳೆ ಈ ಗಂಡ ಮಗುವನ್ನು ಕರೆದುಕೊಂಡು ಹೊರಟರೆ ತಡೆಯುವುದಕ್ಕೆ ಇವಳ ಕೈಯಲ್ಲಿದ್ದದ್ದು ಒಂದು ಸುಳ್ಳು ಸಹಿ.

"ಸೋಮವಾರ ಸುಮ್ನೆ ಓದಿ ಬಂದ್ಬಿಡು" ಎಂದ ಪ್ರಭುಸ್ವಾಮಿ, ಕೋಮಲವಲ್ಲಿಯವರದೇ ಮಾತು, ಅವರದೇ ದನಿ. "ನಿನ್ನ ಕಾಲಿಗೆ ಬೀಳ್ತೀನಿ. ಮಗು ನಿನಗೂ ಇರ್ಲಿ."

ಅವರಿಬ್ಬರೂ ಈ ಮಾತನ್ನು ಮೊದಲೇ ಆಡಿಕೊಂಡಿದ್ದಾರೆ ಎಂದು ಅವಳಿಗೆ ಆಗ ಹೊಳೆಯಿತು. ಕೆಂಡದಂಥ ಸಿಟ್ಟು ಬಂತು. ಹಿತ್ತಲ ಬಾಗಿಲಿಗೆ ಹೋಗಿ ನಿಂತಳು. ಗುರುಮಲ್ಲ ಕವಡೆ ಎಸೆದು, ಯಾವಾಗಿನಂತೆ ಒಂದು ಮನೆ ಹೆಚ್ಚಿಗೆ ಹಾರಿಸಿ, ಕಾಯಿ ಇಟ್ಟ. ನೀಲು ಸೊಂಟದ ಮೇಲೆ ಕೈಯಿಟ್ಟುಕೊಂಡು, "ಮಲ್ಲಮಾವ ಮೋಸ! ಮೋಸ ಮಾಡಿದ್ರೆ ನಾನು ಆಡಲ್ಲ ಅಷ್ಟೇ!" ಎಂದು ಕೂಗಾಡಿದಳು. ಕುಮುದಾ ಅವಳನ್ನು ಎತ್ತಿಕೊಂಡು ಒಳಗೆ ಬಂದು ಊಟಕ್ಕೆ ಕೂರಿಸಿದಳು. ಶನಿವಾರ, ಭಾನುವಾರ ಮನೆಯಲ್ಲಿ ಗಂಡ ಹೆಂಡತಿಯ ನಡುವೆ ಉಪ್ಪು, ಸಾರು ಎಂಬ ಎರಡು ಮಾತು ಬಿಟ್ಟರೆ ಮೂರನೆಯದು ಹುಟ್ಟಲಿಲ್ಲ.

ಸೋಮವಾರ ಸಮಿತಿ ಕೇಂದ್ರದ ಮೇಲಿನ ಮಹಡಿಯಲ್ಲಿ ಕೂತಿತು. ಮೂವರು ಸದಸ್ಯರು, ಬರೆದುಕೊಳ್ಳಲು ಒಬ್ಬ ಗುಮಾಸ್ತ, ಬಿಸ್ಕತ್ತಿನ ತಟ್ಟೆಗಳು. ಅಧ್ಯಕ್ಷರು ಬಿಳಿ ಕೂದಲಿನ ಸೌಮ್ಯ ಮುಖದ ಮನುಷ್ಯ. ಕೋಮಲವಲ್ಲಿ ರೇಷ್ಮೆ ಸೀರೆಯಲ್ಲಿ ಬಂದಿದ್ದರು. ಗೋಡೆಯ ಪರದೆಯ ಮೇಲೆ ಸೂತ್ರಧಾರ ಒಂದು ಅಂಡವನ್ನು ಹಿಡಿದು ತೋರಿಸುತ್ತಿತ್ತು. ಇಪ್ಪತ್ತಮೂರು ಜೋಡಿಗಳು ಸಾಲಾಗಿ ನಿಂತು, ಇಬ್ಭಾಗವಾಗಿ, ಅತ್ತಿತ್ತ ಸರಿದವು. ನೋಡಿದವರು ವಾಹ್ ಎಂದರು. ಯಾವ ಹುಡುಗಿಯ ಅಂಡವೋ ಅದು.

ಕುಮುದಾ ಒಂದು, ಮೂರು, ಐದು ಓದಿದಳು. ಏಳಕ್ಕೆ ಬಂದಳು.

"ಏಳನೆಯ ನಂಬರು. ನಲವತ್ತಾರು. ಹೆಣ್ಣು. ಜೋಡಿಗಳು ಸರಿ." ಕೋಮಲವಲ್ಲಿ ಉಸಿರು ಬಿಟ್ಟದ್ದು ಅವಳಿಗೆ ಕೇಳಿಸಿತು. "ಈ ಮಗುವನ್ನ ಹೆತ್ತವಳು ನಾನು. ಇದರಲ್ಲಿ ನನ್ನ ವರ್ಣತಂತು ಒಂದೂ ಇಲ್ಲ. ನನ್ನ ಅಂಡಗಳನ್ನ ಈ ಯಂತ್ರ ಹಿಡಿದಿಡೋಕೆ ಆಗ್ಲಿಲ್ಲ. ನನಗೆ ಹೇಳದೆ ಬೇರೆಯವರ ಅಂಡ ಇಟ್ರು. ಹನ್ನೆರಡರಲ್ಲಿ ಐದು ಹೀಗೇ ಹುಟ್ಟಿವೆ. ನನ್ನ ಕುಂಡಲಿ ತಂದಿದ್ದೀನಿ, ಒಂಬತ್ತು ಮತ್ತು ಹದಿನಾರು ಎರಡೂ ಕಡೆ ಹೋಲಿಸಿ ನೋಡಿ."

ಕಾಗದಗಳು ಮೇಜಿನ ಮೇಲೆ ಕೈಯಿಂದ ಕೈಗೆ ಹೋ​ದವು. ಕೋಮಲವಲ್ಲಿ ತಲೆ ಎತ್ತದೆ, "ಕೃತಘ್ನೆ" ಎಂದರು. ಅದು ಪಕ್ಕದಲ್ಲಿದ್ದ ಕುಮುದಾಳಿಗಷ್ಟೇ ಕೇಳಿಸಿತು.

ಅಧ್ಯಕ್ಷರು ಕನ್ನಡಕ ತೆಗೆದರು. "ನೋಡಮ್ಮ, ಯಂತ್ರದ ವಿಷಯ ಇಲ್ಲಿಗೆ ನಿಲ್ಲಿಸ್ತೀವಿ, ಅದು ಬೇರೆ. ಆದ್ರೆ ನೀವು ಹೇಳಿದ್ದನ್ನ ದಾಖಲೆ ಮಾಡ್ಕೊಂಡ್ರೆ ಇವತ್ತೇ ತಳಿಪತ್ರ ತಿದ್ದಬೇಕಾಗತ್ತೆ. ಕಾನೂನಿನ ಪ್ರಕಾರ ನೀವು ಆ ಮಗುವಿನ ತಾಯಿ ಆಗಿರೋದಿಲ್ಲ. ಗೊತ್ತಿದೆಯಾ ನಿಮಗೆ?"

"ಗೊತ್ತು ಸಾರ್. ಆ ಕಾಗದ ಬರೆಯೋದೇ ನನ್ನ ಕೆಲಸ."

"ಮಾತು ವಾಪಸ್ ತಗೊಳ್ಳೋದಿದ್ರೆ ಈಗ್ಲೇ ತಗೊಳ್ಳಿ."

ಕುಮುದಾಳಿಗೆ ಕೆಳಗಿನ ಕಾರಿಡಾರಿನಲ್ಲಿ ಕೂತಿದ್ದ ಹೆಂಗಸರು ನೆನಪಾದರು. ನೀಲು ಅಂದು ಬೆಳಗ್ಗೆ ಎರಡು ಜಡೆಗೆ ಹಟ ಮಾಡಿದ್ದು ನೆನಪಾಯಿತು. ಸುಳ್ಳು ಹೇಳಿ ಉಳಿಸಿಕೊಂಡರೆ ಆ ಮಗುವಿನ ಮುಖ ನೋಡಿದಾಗಲೆಲ್ಲ ಕೋಮಲವಲ್ಲಿಯವರದೂ ಗಂಡನದೂ ಮುಖ ಕಾಣುತ್ತದೆ ಎಂಬುದೊಂದು ಅವಳಿಗೆ ಖಚಿತವಾಗಿತ್ತು.

"ತಗೊಳ್ಳಲ್ಲ. ಬರ್ಕೊಳ್ಳಿ."

ಗುಮಾಸ್ತ ಪ್ರಿಂಟರಿನಿಂದ ತಿದ್ದುಪಡಿಯ ಹಾಳೆ ತೆಗೆದ. ಇನ್ನೂ ಮೀಸೆ ಬಲಿಯದ, ಕೆಲಸಕ್ಕೆ ಹೊಸಬನಾದ ಪಾಪದ ಮನುಷ್ಯ. ತಂದೆ ಎಂಬಲ್ಲಿ ಪ್ರಭುಸ್ವಾಮಿ ಎಂದಿದ್ದದ್ದು ಹಾಗೇ ಇತ್ತು. ತಾಯಿ ಎಂಬಲ್ಲಿ ಕುಮುದಾಳ ಹೆಸರು ಹೋಗಿ 'ತಿಳಿದಿಲ್ಲ' ಎಂದು ಬಂದಿತ್ತು. ಅವನು ಹಾಳೆಯನ್ನು ಅವಳ ಮುಂದೆ ಇಟ್ಟು, ಕೆಳಗಡೆ ಬೆರಳು ತೋರಿಸಿದ.

"ಗಾಜು ಓದಿದವರೇ ಇಲ್ಲಿ ಸಹಿ ಹಾಕ್ಬೇಕು ಮೇಡಂ. ಅದಕ್ಕೆ ಮುಂಚೆ ಈ ಸಾಲಿಗೆ ಒಂದು ಟಿಕ್ ಮಾಡಿ."

ಆ ಸಾಲನ್ನು ಅವಳು ಇದುವರೆಗೆ ಸಾವಿರಾರು ಮಕ್ಕಳ ಹಾಳೆಯಲ್ಲಿ ಓದದೆ ಟಿಕ್ ಮಾಡಿದ್ದಳು. ಈಗ ಓದಿದಳು. 'ಈ ಮಗು ನನಗೆ ಯಾವ ರೀತಿಯಲ್ಲೂ ಸಂಬಂಧಿಸಿದ್ದಲ್ಲವೆಂದು ದೃಢೀಕರಿಸುತ್ತೇನೆ.'

ಪೆನ್ನು ಹಿಡಿದ ಕೈ ಹಾಳೆಯ ಮೇಲೆ ನಿಂತಿತು. ಗುಮಾಸ್ತನಿಗೆ ಅವಳು ಅನುಮಾನ ಪಡುತ್ತಿದ್ದಾಳೆ ಅನ್ನಿಸಿರಬೇಕು. ಸಮಾಧಾನದ ದನಿಯಲ್ಲಿ, "ಸಂಬಂಧಿಕರು ಸಹಿ ಮಾಡೋ ಹಾಗಿಲ್ಲ ಅಂತ ರೂಲ್ಸ್ ಇದೆ ನಿಜ ಮೇಡಂ," ಎಂದ, "ಆದ್ರೆ ಈಗ ನಿಮಗೆ ತೊಂದರೆ ಇಲ್ಲ. ನೀವು ಹಾಕಬಹುದು."

ಕುಮುದಾ ಟಿಕ್ ಮಾಡಿ ಸಹಿ ಹಾಕಿದಳು.